ಏಳನೇ ತರಗತಿಯಿಂದ ಕಾಲೇಜಿನವರೆಗೆ: ಶನಿವಾರದ ‘ಅಕ್ಕ’ ಯೋಜನೆಯ ವಿಮರ್ಶೆ

ರಾಣೆಬೆನ್ನೂರು ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಸ್ವಯಂಸೇವಾ ಸಂಸ್ಥೆಯೊಂದು 7ರಿಂದ 10ನೇ ತರಗತಿಯವರೆಗಿನ ಹುಡುಗಿಯರಿಗಾಗಿ ಶನಿವಾರದ ಮಾರ್ಗದರ್ಶನ ತರಗತಿಗಳನ್ನು ನಡೆಸುತ್ತಿದೆ. ಹುಡುಗಿಯರು ಹೈಸ್ಕೂಲು ಮುಗಿಸಿ ಕಾಲೇಜು ಸೇರಬೇಕು, ಕಾಲೇಜು ಮುಗಿಸಿ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದು ಅದರ ಉದ್ದೇಶ. ಈ ತರಗತಿಗಳು ನಮ್ಮ ಪ್ರೌಢಶಾಲೆಯಲ್ಲೂ ನಡೆಯುವುದರಿಂದ, ವಿಜ್ಞಾನ ಶಿಕ್ಷಕಿಯಾಗಿ ಅವುಗಳ ಒಳಿತು ಕೆಡುಕುಗಳನ್ನು ಪಕ್ಕದ ಕೊಠಡಿಯಿಂದಲೇ ನೋಡುತ್ತ ಬಂದಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಬಗೆಯ ಯೋಜನೆಗಳು ಬೇರೆ ಊರುಗಳಲ್ಲೂ ಇರುವುದರಿಂದ, ಅಂಥದ್ದೊಂದನ್ನು ತಮ್ಮ ಶಾಲೆಗೆ ಕರೆಸಿಕೊಳ್ಳಬೇಕೆ ಎಂದು ಯೋಚಿಸುತ್ತಿರುವ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ ಮತ್ತು ಪಾಲಕರಿಗೆ ಈ ಬರಹ ಉಪಯೋಗಕ್ಕೆ ಬರಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಕರೆಸಿಕೊಳ್ಳಿ, ಆದರೆ ಷರತ್ತು ಹಾಕಿ ಕರೆಸಿಕೊಳ್ಳಿ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ತರಗತಿ ನಡೆಯುತ್ತದೆ. ಎಂಟು-ಹತ್ತು ಹುಡುಗಿಯರ ಗುಂಪಿಗೆ ಒಬ್ಬ ಅಕ್ಕ. ಈ ಅಕ್ಕಂದಿರಲ್ಲಿ ಹೆಚ್ಚಿನವರು ಊರಿನ ಪದವಿ ಕಾಲೇಜಿನಲ್ಲಿ ಓದುತ್ತಿರುವವರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ ಕೆಲಸ ಮಾಡುವ ಕೆಲವರೂ ಇದ್ದಾರೆ. ಹುಡುಗಿಯರಿಂದ ಶುಲ್ಕ ಪಡೆಯುವುದಿಲ್ಲ. ಶಾಲೆಯು ಒಂದು ಕೊಠಡಿ, ಹುಡುಗಿಯರ ಪಟ್ಟಿ ಮತ್ತು ಪಾಲಕರ ಒಪ್ಪಿಗೆಯ ಸಹಿಯನ್ನು ಕೊಟ್ಟರೆ ಸಾಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅಕ್ಕಂದಿರ ಬಸ್ಸಿನ ಖರ್ಚೂ ಉಳಿದಿರುವುದರಿಂದ, ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಗಳಿಗೂ ಅವರು ತಪ್ಪದೆ ಬರುವಂತಾಗಿದೆ.

ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದರ ಕರಪತ್ರದಲ್ಲಿ ಒಂದು ಸಾಲಿನಷ್ಟೂ ಜಾಗ ಪಡೆಯದ ಕೆಲಸ, ಅಂದರೆ ಕಾಗದಪತ್ರಗಳ ಕೆಲಸ. ನಮ್ಮ ಕಡೆ ಹುಡುಗಿಯೊಬ್ಬಳು ಓದು ಬಿಟ್ಟಳೆಂದರೆ ಅದಕ್ಕೆ ಬಡತನವನ್ನೋ ಬೇಗ ಮದುವೆ ಮಾಡುವ ರೂಢಿಯನ್ನೋ ಕಾರಣವಾಗಿ ಹೇಳುತ್ತೇವೆ. ಅವು ನಿಜವೇ. ಆದರೆ ಆ ಕಾರಣಗಳ ಜೊತೆಗೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ನಂಬರ್, ಬ್ಯಾಂಕ್ ಖಾತೆಗೆ ಜೋಡಣೆಯಾಗದ ಆಧಾರ್, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಬಗೆಯಾಗಿಯೂ ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾಗಿಯೂ ಬರೆದಿರುವ ತಂದೆಯ ಹೆಸರು ಇವೆಲ್ಲ ಸೇರಿಕೊಂಡು, ಬರಬೇಕಾದ ವಿದ್ಯಾರ್ಥಿವೇತನವನ್ನು ತಡೆದು ನಿಲ್ಲಿಸುತ್ತವೆ. ಅರ್ಜಿಯ ಕೊನೆಯ ದಿನ ಮುಂದೆ ಬಂದಾಗ ಎಚ್ಚರಗೊಂಡರೆ ಇವುಗಳಲ್ಲಿ ಒಂದನ್ನೂ ಸರಿಪಡಿಸಲಾಗದು. ಈ ಅಕ್ಕಂದಿರು 7ನೇ ತರಗತಿಯ ಮೊದಲ ತಿಂಗಳಲ್ಲೇ ಪ್ರತಿ ಹುಡುಗಿಯ ಹೆಸರಿನಲ್ಲಿ ಒಂದು ಫೈಲು ತೆರೆದು, ಯಾವ ಕಾಗದ ಇದೆ, ಯಾವುದು ಇಲ್ಲ, ಯಾವುದರಲ್ಲಿ ಹೆಸರು ತಪ್ಪಾಗಿದೆ ಎಂದು ಪಟ್ಟಿ ಮಾಡುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ ಇರುವುದರಿಂದ ಒಮ್ಮೆ ಮಾಡಿಸಿದ್ದು ಪಿಯುಸಿಯವರೆಗೆ ನಡೆಯುತ್ತದೆ ಎಂಬ ಸಣ್ಣ ಮಾತನ್ನು ಪಾಲಕರಿಗೆ ಯಾರಾದರೂ ತಿಳಿಸಿ ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಈ ತರಗತಿಯಲ್ಲೇ.

ಇದರ ಫಲ ಕಾಣುವುದು ಎನ್‌ಎಂಎಂಎಸ್ ಪರೀಕ್ಷೆಯ ಹೊತ್ತಿಗೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ 9ರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷವನ್ನು ಮೀರಿರಬಾರದು. 7ನೇ ತರಗತಿಯಲ್ಲಿ ಶೇ 55, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಾದರೆ ಶೇ 50 ಅಂಕ ಇರಬೇಕು. ಅಂದರೆ ಅರ್ಹತೆ ನಿರ್ಧಾರವಾಗುವುದು 7ನೇ ತರಗತಿಯಲ್ಲೇ. ಹೈಸ್ಕೂಲಿಗೆ ಬಂದ ಮೇಲೆ ನಾವು ಶಿಕ್ಷಕರು ಎಷ್ಟು ಮುತುವರ್ಜಿ ವಹಿಸಿದರೂ ಹಿಂದಿನ ವರ್ಷದ ಅಂಕಗಳನ್ನು ತಿದ್ದಲಾಗದು. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ್ದು, ಪಠ್ಯ ವಿಷಯಗಳದ್ದು ಎಂದು 90 ಅಂಕಗಳ ಎರಡು ಪತ್ರಿಕೆಗಳಿವೆ. ಎರಡನೆಯದಕ್ಕೆ ನಾವು ತಯಾರಿ ಮಾಡಿಸುತ್ತೇವೆ. ಮೊದಲನೆಯದನ್ನು, ಅಂದರೆ ಸರಣಿ, ಸಂಕೇತ, ಆಕೃತಿಗಳ ಪ್ರಶ್ನೆಗಳನ್ನು, ಅಕ್ಕಂದಿರು ಆಟದಂತೆ ಆಡಿಸುತ್ತ ಕಲಿಸುವುದನ್ನು ನೋಡಿ ನನಗೆ ಸಂತೋಷವಾಗಿದೆ. ಆಯ್ಕೆಯಾದವರು ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60 ಪಡೆಯದಿದ್ದರೆ ಪಿಯುಸಿಯಲ್ಲಿ ಹಣ ನಿಲ್ಲುತ್ತದೆ ಎಂಬ ನಿಯಮವನ್ನೂ, ಪರಿಶಿಷ್ಟರಿಗೆ ಅದರಲ್ಲಿರುವ ಐದರ ರಿಯಾಯಿತಿಯನ್ನೂ ಅವರು ಫೈಲಿನ ಮೊದಲ ಪುಟದಲ್ಲೇ ಬರೆಸಿಟ್ಟಿರುತ್ತಾರೆ.

ಎರಡನೆಯ ಒಳ್ಳೆಯ ಕೆಲಸವೆಂದರೆ ದಾರಿಯ ನಕ್ಷೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಹುಡುಗಿ ತಾನು ಆಗಬೇಕೆಂದಿರುವುದನ್ನು ಮೇಲೆ ಬರೆದು, ಅಲ್ಲಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಈಗಿನ ತರಗತಿಗೆ ಬಂದು ಮುಟ್ಟಬೇಕು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ನರ್ಸ್’ ಎಂದು ಬರೆದು ಅದರ ಕೆಳಗೆ ನೇರವಾಗಿ ‘ಎಸ್‌ಎಸ್‌ಎಲ್‌ಸಿ’ ಎಂದು ಬರೆದಿದ್ದಳು. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಕ್ಕ ಆ ಎರಡು ಪದಗಳ ನಡುವೆ ಕೈಯಿಟ್ಟು, ಬಿಎಸ್‌ಸಿ ನರ್ಸಿಂಗ್ ಬೇಕಾದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಸೇರಿದ ವಿಜ್ಞಾನ ಓದಬೇಕು, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಕೋರ್ಸಿಗೆ ಕಲಾ ವಿಭಾಗದಿಂದಲೂ ಹೋಗಬಹುದು, ಎರಡಕ್ಕೂ ಸಂಬಳದಲ್ಲಿ ಮತ್ತು ಬಡ್ತಿಯಲ್ಲಿ ವ್ಯತ್ಯಾಸವಿದೆ ಎಂದು ವಿವರಿಸಿದರು. ಹುಡುಗಿ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ನಡುವೆ ‘ವಿಜ್ಞಾನ’ ಎಂದು ಬರೆದು, ಆ ಪದದ ಪಕ್ಕದಲ್ಲಿ ‘ಇಂಗ್ಲಿಷ್‌ನ್ಯಾಗ ಇರತೈತಿ’ ಎಂದು ಸಣ್ಣಕ್ಷರದಲ್ಲಿ ಸೇರಿಸಿದಳು. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಪಿಯುಸಿ ವಿಜ್ಞಾನದಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಎದುರಿಸಬೇಕಾದ ಮಕ್ಕಳ ಭಯವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲಾಗದು. ಆ ಗುಂಪಿನಲ್ಲಿ ಅಂದಿನಿಂದ ಪ್ರತಿ ಶನಿವಾರ ವಿಜ್ಞಾನದ ಹತ್ತು ಪದಗಳನ್ನು ಎರಡೂ ಭಾಷೆಯಲ್ಲಿ ಬರೆಯುವ ಅಭ್ಯಾಸ ಶುರುವಾಯಿತು. ಉಳಿದ ಗುಂಪುಗಳಲ್ಲಿ ಅದು ಇಲ್ಲ, ಇರಬೇಕಿತ್ತು.

ಡಿಪ್ಲೊಮಾ ಮತ್ತು ಐಟಿಐ ದಾರಿಗಳನ್ನೂ ಈ ನಕ್ಷೆಯಲ್ಲಿ ಗೌರವದಿಂದ ತೋರಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಪಾಲಿಟೆಕ್ನಿಕ್ ಓದಿ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದು ನಮ್ಮ ಬಹುಪಾಲು ಪಾಲಕರಿಗೆ ಗೊತ್ತಿಲ್ಲ. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದಲ್ಲಿ ತಾಂತ್ರಿಕ ಡಿಪ್ಲೊಮಾ ಅಥವಾ ಪದವಿ ಓದುವ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ, ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಜಿ ಹಾಕಬಹುದು ಎಂದು ಕೇಳಿದಾಗ ಪಾಲಕರ ಸಭೆಯಲ್ಲಿ ಕುಳಿತಿದ್ದ ತಂದೆಯೊಬ್ಬರು ಎದ್ದು ನಿಂತು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಮಾರ್ಗದರ್ಶನವು 7ನೇ ತರಗತಿಯಲ್ಲೇ ಏಕೆ ಆರಂಭವಾಗಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಇರುವ ಬಲವಾದ ಉತ್ತರ ಬೇರೆಯದು. ನಾಲ್ಕು ಕಾಸು ಕೈಗೆ ಬಂದ ಕೂಡಲೇ ಮಗಳನ್ನು 8ನೇ ತರಗತಿಗೆ ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುವುದು ಈಗ ಹಳ್ಳಿಗಳಲ್ಲಿ ಪ್ರತಿಷ್ಠೆಯ ವಿಷಯವಾಗಿದೆ. ಹಾಗೆ ಸೇರಿಸುವ ತಂದೆ-ತಾಯಿಗೆ ಮಗಳ ಮೇಲೆ ಪ್ರೀತಿ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸಿಇಟಿಯ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗಿರುವ ಶೇ 15 ಮತ್ತು ಕನ್ನಡ ಮಾಧ್ಯಮದವರಿಗಿರುವ ಶೇ 5 ಮೀಸಲಾತಿ ಸಿಗಬೇಕಾದರೆ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಡುವೆ ಒಂದು ವರ್ಷ ತಪ್ಪಿದರೂ ಆ ಹಕ್ಕು ಹೋಯಿತು. ಅದೇ ರೀತಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ, ವರ್ಷಕ್ಕೆ 30,000 ರೂಪಾಯಿಗಳ ವಿದ್ಯಾರ್ಥಿವೇತನವು 10 ಮತ್ತು 12ನೇ ತರಗತಿಗಳನ್ನು ಸರ್ಕಾರಿ ಶಾಲೆ-ಕಾಲೇಜುಗಳಲ್ಲೇ ಓದಿ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಮೀಸಲು. ಶಾಲೆ ಬದಲಿಸಬೇಡಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೂ ಬದಲಿಸಿದರೆ ಏನು ಕೈತಪ್ಪುತ್ತದೆ ಎಂಬುದನ್ನು ನಿರ್ಧಾರಕ್ಕೆ ಮೊದಲು ಕುಟುಂಬಕ್ಕೆ ತಿಳಿಸುವವರು ಬೇಕು, ಮತ್ತು ಅದನ್ನು ಸರ್ಕಾರಿ ಶಾಲೆಯ ಶಿಕ್ಷಕಿಯಾದ ನಾನು ಹೇಳಿದರೆ ಮಕ್ಕಳ ಸಂಖ್ಯೆ ಉಳಿಸಿಕೊಳ್ಳಲು ಹೇಳುತ್ತಾಳೆ ಎಂಬ ಗುಮಾನಿ ಬರುತ್ತದೆ. ಅಕ್ಕಂದಿರು ಹೇಳಿದರೆ ಆ ಗುಮಾನಿ ಇಲ್ಲ. ಹಾಗೆ ನೋಡಿದರೆ 7ನೇ ತರಗತಿಯೂ ಕೆಲವು ಅವಕಾಶಗಳಿಗೆ ತಡವೇ. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ನಡೆಯುವುದು 6ನೇ ತರಗತಿಯ ಸೇರ್ಪಡೆಗೆ. ಮನೆಯಿಂದ ದೂರವಿದ್ದು ಓದಬೇಕಾದ ಪರಿಸ್ಥಿತಿಯ ಹುಡುಗಿಗೆ ಆ ಮಾಹಿತಿ 5ನೇ ತರಗತಿಯಲ್ಲೇ ಮುಟ್ಟಿರಬೇಕು.

ಇನ್ನು ಯೋಜನೆಯ ದುರ್ಬಲ ಭಾಗಗಳು. ವರ್ಷಕ್ಕೊಮ್ಮೆ ನಡೆಯುವ ‘ಕರಿಯರ್ ದಿನ’ ಅವುಗಳಲ್ಲಿ ಮೊದಲನೆಯದು. ಅಂದು ಶಾಲೆಯ ಅಂಗಳಕ್ಕೆ ಶಾಮಿಯಾನ ಬರುತ್ತದೆ, ಪೈಲಟ್, ಐಎಎಸ್ ಅಧಿಕಾರಿ, ಬಾಹ್ಯಾಕಾಶ ವಿಜ್ಞಾನಿಗಳ ಫ್ಲೆಕ್ಸ್‌ಗಳು ಬರುತ್ತವೆ, ಬೆಂಗಳೂರಿನಿಂದ ಬಂದ ಅತಿಥಿಗಳು ದೊಡ್ಡ ಕನಸು ಕಾಣಿ ಎಂದು ಹೇಳಿ ಊಟ ಮಾಡಿ ಹೋಗುತ್ತಾರೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಶನಿವಾರ ನಕ್ಷೆ ಬರೆಯಲು ಕುಳಿತಾಗ ಎಲ್ಲರ ಹಾಳೆಯ ಮೇಲೂ ‘ಐಎಎಸ್’ ಇರುತ್ತದೆ, ಅದರ ಕೆಳಗಿನ ಜಾಗ ಖಾಲಿ. ದೊಡ್ಡ ಕನಸಿಗೆ ನನ್ನ ವಿರೋಧವಿಲ್ಲ. ಆದರೆ ಪಿಯುಸಿಯ ಮೇಲೆ ಪೊಲೀಸ್ ಕಾನ್‌ಸ್ಟೆಬಲ್ ಆಗಬಹುದು, ಪದವಿಯ ಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಬಹುದು, ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಮಹಿಳೆಯರಿಗೆ ಶೇ 33 ಮೀಸಲಾತಿ ಇದೆ ಎಂಬ ಮಾತುಗಳನ್ನು ಆ ವೇದಿಕೆಯಿಂದ ಹೇಳಲು ನಮ್ಮದೇ ತಾಲ್ಲೂಕಿನ ಮಹಿಳಾ ಪಿಡಿಒ ಒಬ್ಬರನ್ನು ಕರೆದರೆ ಸಾಕಾಗಿತ್ತು. ಶಾಮಿಯಾನದ ಬಾಡಿಗೆಯೂ ಉಳಿಯುತ್ತಿತ್ತು.

ಇದಕ್ಕಿಂತ ಗಂಭೀರವಾದ ಕೊರತೆ ಬೀಜದ ಹೊಲಗಳಿಗೆ ಸಂಬಂಧಿಸಿದ್ದು. ರಾಣೆಬೆನ್ನೂರು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ಊರು. ಟೊಮೆಟೊ, ಮೆಣಸಿನ ಗಿಡಗಳ ಮೊಗ್ಗನ್ನು ಹಿಂದಿನ ಸಂಜೆ ಬಿಡಿಸಿ ಗಂಡು ಭಾಗವನ್ನು ತೆಗೆದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಸಣ್ಣ ಬೆರಳುಗಳ ಹೆಣ್ಣುಮಕ್ಕಳನ್ನೇ ಕರೆಯುವ ರೂಢಿ ಹಳೆಯದು. ಕ್ರಾಸಿಂಗ್ ಹಂಗಾಮಿನಲ್ಲಿ ನಮ್ಮ ಹಾಜರಿ ಪುಸ್ತಕದ ಹುಡುಗಿಯರ ಕಡೆ ಸಾಲು ಸಾಲಾಗಿ ಗೈರುಹಾಜರಿ ಬೀಳುತ್ತದೆ, ಮತ್ತು ಶನಿವಾರದ ತರಗತಿಗೂ ಅವರು ಬರುವುದಿಲ್ಲ. ಆಗ ಸಂಸ್ಥೆ ಮಾಡುವುದೇನೆಂದರೆ ತನ್ನ ವರದಿಯಲ್ಲಿ ಆ ತಿಂಗಳುಗಳ ಹಾಜರಾತಿಯನ್ನು ‘ಹಂಗಾಮಿನ ಇಳಿಕೆ’ ಎಂದು ಬರೆದುಕೊಂಡು, ಬಂದಷ್ಟು ಮಕ್ಕಳಿಗೆ ತರಗತಿ ನಡೆಸುವುದು. ಯಾರಿಗೆ ಅಕ್ಕನ ಅಗತ್ಯ ಎಲ್ಲರಿಗಿಂತ ಹೆಚ್ಚಿದೆಯೋ ಅವಳು ಹೊಲದಲ್ಲಿರುವಾಗ ಅಕ್ಕ ಶಾಲೆಯಲ್ಲಿ ಕುಳಿತಿರುವುದು ನನಗೆ ಸರಿಕಾಣುವುದಿಲ್ಲ. ಮನೆಗೆ ಹೋಗಿ ತಾಯಿಯೊಡನೆ ಮಾತಾಡಬಹುದು, ಮಗುವಿನ ದುಡಿಮೆ ಕಾನೂನಿಗೆ ವಿರುದ್ಧವೆಂದು ಹೊಲದ ಮಾಲೀಕರಿಗೆ ಶಾಲೆಯ ಕಡೆಯಿಂದ ತಿಳಿಸಲು ನಮ್ಮನ್ನು ಕೇಳಬಹುದು, ಅಗತ್ಯಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಇವುಗಳಲ್ಲಿ ಯಾವುದನ್ನೂ ಮಾಡಿದ್ದನ್ನು ನಾನು ಕಂಡಿಲ್ಲ.

ಈ ವಿಷಯದಲ್ಲಿ ಕಳೆದುಹೋಗುತ್ತಿರುವ ಇನ್ನೊಂದು ಅವಕಾಶವೂ ಇದೆ. ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ ಮಾಡುವಾಗ, ಮೆಂಡೆಲ್ ಬಟಾಣಿ ಗಿಡಗಳನ್ನು ಹೇಗೆ ಅಡ್ಡಹಾಯಿಸಿದ ಎಂದು ನಾನು ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಜೋಡಿಸಿ, ಮೊಗ್ಗು ಹರಿಯದಂತೆ ಕೇಸರವನ್ನು ಎಳೆದು ತೆಗೆಯುವ ಬಗೆಯನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು. ನನಗಿಂತ ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ನಮ್ಮ ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಬಿಎಸ್‌ಸಿ ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಆ ಕೋಟಾದ ಅಭ್ಯರ್ಥಿಗಳಿಗೆ ಗಿಡ, ಬೀಜ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕೂಲಿಗಾಗಿ ಕ್ರಾಸಿಂಗ್ ಮಾಡುವ ಕೈಗಳು ಸಸ್ಯ ತಳಿವಿಜ್ಞಾನದ ಪ್ರಯೋಗಾಲಯಕ್ಕೆ ಹೋಗಬಹುದೆಂದು ಆ ಹುಡುಗಿಯರಿಗೆ ಯಾವ ಅಕ್ಕನೂ ಹೇಳಿಲ್ಲ, ಆ ಕಾಲೇಜನ್ನು ತೋರಿಸಲು ಯಾರೂ ಕರೆದೊಯ್ದಿಲ್ಲ. ಸಂಸ್ಥೆಯ ಪ್ರವಾಸ ಹೋಗುವುದು ಹುಬ್ಬಳ್ಳಿಯ ಮಾಲ್‌ಗೆ ಮತ್ತು ಒಂದು ಸಾಫ್ಟ್‌ವೇರ್ ಕಚೇರಿಗೆ.

ಅಕ್ಕಂದಿರು ಬದಲಾಗುತ್ತಲೇ ಇರುವುದು ಇನ್ನೊಂದು ತೊಡಕು. ಪದವಿ ವಿದ್ಯಾರ್ಥಿನಿಯರಿಗೆ ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಮದುವೆ ಗೊತ್ತಾಗುತ್ತದೆ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾರೆ. ಇದಕ್ಕೆ ಅವರನ್ನು ದೂರಲಾಗದು. ಆದರೆ ನಾಲ್ಕು ವರ್ಷಗಳ ಯೋಜನೆಯಲ್ಲಿ ಒಂದೇ ಗುಂಪು ಮೂವರು ಅಕ್ಕಂದಿರನ್ನು ಕಂಡರೆ, ಮನೆಯಲ್ಲಿ ಮದುವೆಯ ಮಾತು ಎದ್ದಿದೆ ಎಂದು ಹೇಳಿಕೊಳ್ಳುವಷ್ಟು ಸಲುಗೆ ಯಾರೊಡನೆ ಬೆಳೆದೀತು? ಉದ್ಯೋಗದಲ್ಲಿರುವ, ಇದೇ ಊರಿನಲ್ಲಿ ನೆಲೆಸಿರುವ ಹೆಂಗಸರ ಗುಂಪುಗಳಲ್ಲಿ ಈ ತೊಂದರೆ ತೀರಾ ಕಡಿಮೆ ಎಂಬುದು ನನ್ನ ಗಮನಕ್ಕೆ ಬಂದಿದೆ. ಅವರಿಗೆ ಕಾಲೇಜು ಹುಡುಗಿಯರ ಉತ್ಸಾಹ ಇಲ್ಲದಿರಬಹುದು, ಆಟ ಆಡಿಸಲು ಬಾರದಿರಬಹುದು, ಆದರೆ ಅವರು ಮುಂದಿನ ವರ್ಷವೂ ಬರುತ್ತಾರೆ.

ತಾಯಂದಿರ ಸಭೆಗಳು ಮೂರು ತಿಂಗಳಿಗೊಮ್ಮೆ ನಡೆಯುತ್ತವೆ, ಮತ್ತು ಅವು ಸಂಸ್ಥೆಯವರು ಅಂದುಕೊಂಡಿರುವುದಕ್ಕಿಂತ ಮುಖ್ಯವಾದವು. ಒಂದು ಸಭೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಮಹತ್ವದ ಬಗ್ಗೆ ಅರ್ಧ ಗಂಟೆ ಭಾಷಣವಾದ ಮೇಲೆ, ತಾಯಿಯೊಬ್ಬರು, ‘ಕಲಿಸೂದಿಲ್ಲ ಅಂತ ಯಾರ್ ಅಂದಾರ್ರೀ ಅಕ್ಕಾರ? ಕಾಲೇಜ್ ಬಿಡೂದು ಸಂಜಿಗೆ, ಆ ಬಸ್ ತಪ್ಪಿದ್ರ ಹುಡುಗಿ ಹೆಂಗ ಬರಬೇಕ್ರಿ?’ ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಟಿಕೆಟ್ ಉಚಿತವಾದರೂ ಬಸ್ಸು ಇರಬೇಕಲ್ಲ. ಆಮೇಲೆ ಒಬ್ಬ ಅಕ್ಕ ತಾವಾಗಿಯೇ ಮುಂದಾಗಿ, ಆ ಮಾರ್ಗದ ಹಳ್ಳಿಗಳಿಂದ ಕಾಲೇಜಿಗೆ ಹೋಗುವ ಹುಡುಗಿಯರ ಪಟ್ಟಿಯನ್ನು ತಯಾರಿಸಿ, ಪಾಲಕರ ಸಹಿ ಹಾಕಿಸಿ ಸಾರಿಗೆ ಘಟಕಕ್ಕೆ ಮನವಿ ಕೊಡಿಸಿದರು. ಜೊತೆಗೆ ಒಂದೇ ಬಸ್ಸಿಗೆ ಬರುವ ಹುಡುಗಿಯರನ್ನು ಹಿರಿಯರು-ಕಿರಿಯರು ಎಂದು ಜೋಡಿ ಮಾಡಿಕೊಟ್ಟರು. ಜೋಡಿಯ ವ್ಯವಸ್ಥೆ ಈಗಲೂ ನಡೆಯುತ್ತಿದೆ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು, ಮತ್ತು ಇದು ಸಂಸ್ಥೆಯ ಕೈಪಿಡಿಯಲ್ಲಿ ಇಲ್ಲ.

ಇಂಗ್ಲಿಷ್ ಮಾತಿನ ತರಗತಿ, ಕಂಪ್ಯೂಟರ್ ಪರಿಚಯ, ಮುಟ್ಟಿನ ಆರೋಗ್ಯದ ಮಾತುಕತೆ ಇವೆಲ್ಲ ಸಾಮಾನ್ಯ ಮಟ್ಟದಲ್ಲಿವೆ; ಹೆಚ್ಚು ಹೇಳಬೇಕಾದ್ದೇನಿಲ್ಲ. ಹುಡುಗಿಯರ ಮುಖ ಕಾಣುವ ಫೋಟೊಗಳನ್ನು ಅವರ ಬಡತನದ ಕಥೆಯೊಂದಿಗೆ ದಾನಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವ ರೂಢಿಯನ್ನು ಮಾತ್ರ ನಾವು ಮುಖ್ಯ ಶಿಕ್ಷಕರ ಮೂಲಕ ನಿಲ್ಲಿಸಬೇಕಾಯಿತು. ಒಪ್ಪಿಗೆ ಪತ್ರದಲ್ಲಿ ಆ ಸಾಲು ಎಲ್ಲೋ ಕೆಳಗೆ ಇತ್ತು, ಸಹಿ ಹಾಕಿದ ಪಾಲಕರಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ.

ಕೊನೆಯದಾಗಿ, ಯೋಜನೆ ಮುಗಿಯುವ ಹೊತ್ತಿನ ಬಗ್ಗೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆ ಬೀಳ್ಕೊಡುಗೆ ಸಮಾರಂಭ ಮಾಡಿ, ಪೆನ್ನು ಮತ್ತು ಪ್ರಮಾಣಪತ್ರ ಕೊಟ್ಟು ಅಕ್ಕಂದಿರು ಹೊರಟುಬಿಡುತ್ತಾರೆ. ಆದರೆ ಹುಡುಗಿಯರು ನಮ್ಮ ಕೈತಪ್ಪುವುದು ಫಲಿತಾಂಶ ಬಂದ ದಿನದಿಂದ ಪಿಯು ಕಾಲೇಜಿನ ಸೇರ್ಪಡೆ ಮುಗಿಯುವವರೆಗಿನ ವಾರಗಳಲ್ಲಿ. ಒಂದು ವಿಷಯದಲ್ಲಿ ಅನುತ್ತೀರ್ಣಳಾದವಳಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂದು ನೆನಪಿಸುವವರು, ಉತ್ತೀರ್ಣಳಾದವಳ ಜೊತೆ ಕಾಲೇಜಿಗೆ ಹೋಗಿ ವಿಜ್ಞಾನದ ಪಿಸಿಎಂಬಿಗೂ ಕಲಾ ವಿಭಾಗದ ಎಚ್‌ಇಪಿಎಸ್‌ಗೂ ಇರುವ ವ್ಯತ್ಯಾಸವನ್ನು ಅರ್ಜಿ ತುಂಬುವ ಮುಂಚೆ ಇನ್ನೊಮ್ಮೆ ಹೇಳುವವರು ಬೇಕಾದದ್ದು ಆಗ. ಮದುವೆಯ ಮುಹೂರ್ತಗಳೂ ಅದೇ ತಿಂಗಳುಗಳಲ್ಲಿ ಬರುತ್ತವೆ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಫೈಲು, ನಕ್ಷೆ ಮತ್ತು ಬಸ್ಸಿನ ಜೋಡಿಗಳಿಗೆ ಪೂರ್ಣ ಅಂಕ. ಕಳೆದದ್ದೆಲ್ಲ ಬೀಜದ ಹೊಲ ಮತ್ತು ಫಲಿತಾಂಶದ ನಂತರದ ಮೇ ತಿಂಗಳ ಲೆಕ್ಕದಲ್ಲಿ. ಇಂಥ ಯೋಜನೆಯನ್ನು ಕರೆಸಿಕೊಳ್ಳುವ ಶಾಲೆಯವರು ಜೂನ್‌ನಲ್ಲಿ ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ, ಶಾಲೆಗೆ ಬರುವ ಅಕ್ಕಂದಿರಲ್ಲಿ ಅರ್ಧದಷ್ಟಾದರೂ ಊರಿನಲ್ಲೇ ನೆಲೆಸಿದ ಉದ್ಯೋಗಸ್ಥ ಹೆಂಗಸರಾಗಿರಬೇಕು, ಸತತ ಎರಡು ಶನಿವಾರ ಬಾರದ ಹುಡುಗಿಯ ಮನೆಗೆ ಭೇಟಿ ಕೊಡಬೇಕು, ಯೋಜನೆ ಪಿಯು ಸೇರ್ಪಡೆಯ ಕೊನೆಯ ದಿನದವರೆಗೆ ನಡೆಯಬೇಕು, ಫೋಟೊಗಳು ಶಾಲೆಯ ಅನುಮತಿಯಿಲ್ಲದೆ ಹೊರಹೋಗಬಾರದು ಎಂದು ಬರೆಸಿಕೊಳ್ಳುವುದು ಒಳ್ಳೆಯದು. ನಮ್ಮ ಎಸ್‌ಡಿಎಂಸಿ ಈ ಸಲ ಇವಿಷ್ಟನ್ನೂ ಬರೆದು ಕಳುಹಿಸಿದೆ. ಮನೆಭೇಟಿಯ ಷರತ್ತಿನ ಹೊರತು ಉಳಿದವುಗಳಿಗೆ ಸಂಸ್ಥೆ ಒಪ್ಪಿದೆ.